ಚಿಮಣಿಗೆ ಬೇಕಾಗಿಲ್ಲ

ಕುದುರೆ ಸಾಕಿದವರ ಮನೆಗೆ ಹೋದರೆ ನಾನು ಮೊದಲು ಮನುಷ್ಯರನ್ನು ಮಾತಾಡಿಸುವುದಿಲ್ಲ. ಇದು ಸೊಕ್ಕಲ್ಲ, ಕೆಲಸದ ರೀತಿ. ನೇರ ಕುದುರೆಯ ಎಡಗಡೆ ಹೋಗಿ ನಿಂತು ಅಂಗೈ ಮೂಸಲು ಕೊಡುತ್ತೇನೆ. ತುಟಿ ಎತ್ತಿ ಒಸಡಿನ ಬಣ್ಣ ನೋಡುತ್ತೇನೆ. ಆಮೇಲೆ ಪಕ್ಕೆಗೆ ಕಿವಿ ಹಚ್ಚಿ ಹೊಟ್ಟೆಯ ಸಪ್ಪಳ ಕೇಳುತ್ತೇನೆ. ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಮುಂದೆ ಟಾಂಗಾ ಹೊಡೆಯುತ್ತಿದ್ದ ನಮ್ಮಪ್ಪ ಕಲಿಸಿದ್ದು ಇದು. "ಹೊಟ್ಟಿ ಮಾತಾಡಾಕತ್ತಿದ್ರ ಕುದುರಿ ಆರಾಮ ಐತಿ ಅಂತ ತಿಳಿ. ಅದು ಸುಮ್ಮನಾತಂದ್ರ ನೀ ಸುಮ್ಮನ ಇರಬ್ಯಾಡ" ಎನ್ನುತ್ತಿದ್ದ. ನಮ್ಮ ಮನೆಯ ಗೋಡೆಯ ಮೇಲೆ ಎರಡೇ ಪಟ ಇದ್ದವು, ಒಂದು ಬುದ್ಧನದು, ಇನ್ನೊಂದು ಅಪ್ಪನ ಟಾಂಗಾದ ಕುದುರೆಯದು. ಸಣ್ಣವಳಿದ್ದಾಗ ನಾನು ಎರಡಕ್ಕೂ ಕೈ ಮುಗಿಯುತ್ತಿದ್ದೆ.

ಹಾಗಾಗಿ ಕುದುರೆಗಳಿಗೆ ಪೌಷ್ಟಿಕ ಪುಡಿ ತಯಾರಿಸುವ ಒಂದು ಕಂಪನಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕಿಗೆ ನನ್ನನ್ನು ತೆಗೆದುಕೊಂಡಾಗ ಹಸಿದವಳಿಗೆ ಹೋಳಿಗೆ ಬಡಿಸಿದಂತಾಯಿತು. ದಿನಾ ಕುದುರೆ ನೋಡುವ ಕೆಲಸವೂ ಲೋಕದಲ್ಲಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಸ್ಕೂಟರಿನ ಮುಂದೆ ಚೀಲ ಇಟ್ಟುಕೊಂಡು ತಿರುಗುತ್ತಿದ್ದೆ. ನಮ್ಮ ಕಡೆ ಪೈಲ್ವಾನರಿಗೆ, ಶರ್ಯತ್ತಿಗೆ ಓಡುವ ದನಗಳಿಗೆ ಹಾಕುವ ಬಲದ ಆಹಾರಕ್ಕೆ ಖುರಾಕು ಎನ್ನುತ್ತಾರೆ. ಆ ಲೆಕ್ಕದಲ್ಲಿ ನಾನು ಎಲ್ಲರಿಗೂ ಖುರಾಕಬಾಯಿ ಆದೆ. ಕಿತ್ತೂರಿನಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವವನೊಬ್ಬ, "ಖುರಾಕಬಾಯಿ, ನನಗೂ ಒಂದ ಚಮಚೆ ಹಾಕ್ರಿ, ಹೆಂಡ್ತಿ ಮುಂದ ನಿಲ್ಲಾಕ ತ್ರಾಣ ಬೇಕು" ಎಂದು ಪ್ರತಿ ಸಲ ಅದೇ ಚೇಷ್ಟೆ ಮಾಡುತ್ತಿದ್ದ. ನಾನೂ ಪ್ರತಿ ಸಲ ನಗುತ್ತಿದ್ದೆ.

ನಾನು ಹೇಳಬೇಕಾದದ್ದು ಸಿರಸಂಗಿಯ ಒಂದು ಮನೆಯ ಮಾತು. ಗಂಡ ಹೆಂಡತಿ ಇಬ್ಬರೂ ಅರವತ್ತರ ಆಚೆಯವರು, ಹೊಲ ಚೆನ್ನಾಗಿತ್ತು, ಮಕ್ಕಳು ಸೊಸೆಯಂದಿರು ತುಂಬಿದ್ದರು. ನಾನು ಅವರನ್ನು ಕಾಕಾ, ಕಾಕು ಎಂದೇ ಕರೆಯುತ್ತಿದ್ದೆ. ಕಾಕಾನಿಗೆ ಶರ್ಯತ್ತಿನ ಹುಚ್ಚು. ನಮ್ಮ ಕಡೆ ಶರ್ಯತ್ತಿನ ಗಾಡಿಗೆ ಒಂದು ಮಗ್ಗುಲು ಎತ್ತು, ಇನ್ನೊಂದು ಮಗ್ಗುಲು ಕುದುರೆ ಹೂಡುವುದುಂಟು. ಎತ್ತಿನ ಹೆಜ್ಜೆ ಬೇರೆ, ಕುದುರೆಯ ಹೆಜ್ಜೆ ಬೇರೆ. ಅವೆರಡನ್ನೂ ಕೂಡಿಸುವುದರಲ್ಲೇ ಸಾಕಿದವರ ಕಸುಬು ಇರುವುದು. ಕಾಕಾನ ಎತ್ತಿನ ಹೆಸರು ಸರ್ಜಾ. ಕುದುರೆಯ ಹೆಸರು ಚಿಮಣಿ. ಕಂದು ಮೈ, ಹಣೆಯ ಮೇಲೆ ಚಿಮಣಿ ದೀಪದ ಕುಡಿಯಷ್ಟು ಬಿಳಿ ಮಚ್ಚೆ, ಅದಕ್ಕೇ ಆ ಹೆಸರು. ಹುಟ್ಟಿದ ವಾರದಲ್ಲೇ ತಾಯಿ ಸತ್ತಿದ್ದ ಆ ಮರಿಯನ್ನು ಕಾಕು ಆಡಿನ ಹಾಲು ಕುಡಿಸಿ ಬದುಕಿಸಿದ್ದಳು.

ಕೂಡಿ ಓಡಬೇಕಾದರೆ ಕೂಡಿ ಉಣ್ಣಬೇಕು ಎನ್ನುವುದು ಆ ಮನೆಯ ಕಟ್ಟಳೆ. ಒಂದೇ ಅಗಲವಾದ ಕಬ್ಬಿಣದ ಬುಟ್ಟಿ, ಅದರಲ್ಲಿ ನೆನೆಸಿದ ಕಡಲೆ, ಗೋದಿ ತೌಡು, ಬೆಲ್ಲ. ಸರ್ಜಾ ಆ ಕಡೆಯಿಂದ, ಚಿಮಣಿ ಈ ಕಡೆಯಿಂದ ಮೂತಿ ಹಾಕುತ್ತಿದ್ದವು. ಮದುವೆಯಲ್ಲಿ ಗಂಡು ಹೆಣ್ಣು ಒಂದೇ ತಾಟಿನಲ್ಲಿ ಉಣ್ಣುವ ಊಟಕ್ಕೆ ಬುವ್ವ ಎನ್ನುತ್ತೇವಲ್ಲ, ಕಾಕು ಇದಕ್ಕೂ ಅದೇ ಹೆಸರಿಟ್ಟಿದ್ದಳು. "ಬುವ್ವಕ್ಕ ಕುಂತಾರ, ನಡುವ ಹೋಗಬ್ಯಾಡ್ರಿ" ಎಂದು ನನ್ನನ್ನು ಕಟ್ಟೆಯ ಮೇಲೆ ಕೂರಿಸುತ್ತಿದ್ದಳು. ನಾನು ಆ ಊಟದ ವಿಡಿಯೋ ಮಾಡಿ ಕಂಪನಿಗೆ ಕಳಿಸಿದೆ. ಮೀಟಿಂಗಿನಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಆ ವಿಡಿಯೋ ಇವತ್ತಿಗೂ ನನ್ನ ಫೋನಿನಲ್ಲಿದೆ. ತೆರೆದು ನೋಡುವ ಧೈರ್ಯ ಇಲ್ಲ.

ಅದೇ ಮೀಟಿಂಗಿನಲ್ಲಿ ಮ್ಯಾನೇಜರು ಹೊಸ ಚೀಲ ತೋರಿಸಿದರು. ಕುದುರೆ ಇರುವ ಮನೆಯಲ್ಲಿ ದನಗಳೂ ಇರುತ್ತವಲ್ಲ, ಇನ್ನು ಮೇಲೆ ಅವಕ್ಕೂ ನಮ್ಮದೇ ಪುಡಿ ಕೊಡೋಣ ಎಂದರು. ಆ ಪುಡಿಯಲ್ಲಿ ಮೊನೆನ್ಸಿನ್ ಎಂಬ ಔಷಧ ಇತ್ತು. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಅದು ಮೇವಿನ ಸತ್ವವನ್ನು ಚೆನ್ನಾಗಿ ಎಳೆದು ಕೊಡುತ್ತದೆ. ನಾನು ಚೀಲ ತಿರುಗಿಸಿ ನೋಡಿದೆ. ಕೆಳಗೆ, ಹೊಲಿಗೆಯ ಹತ್ತಿರ, ಸಾಸಿವೆ ಕಾಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಕುದುರೆಗಳಿಗೆ ಕೊಡಬಾರದು ಎಂದು ಬರೆದಿತ್ತು.

"ಕೊಡಬಾರದು ಅಂದ್ರ ಎಷ್ಟರಮಟ್ಟಿಗೆ ಕೊಡಬಾರದು ಸರ್? ಏನಾಕ್ಕೈತಿ?" ಎಂದು ಕೇಳಿದೆ.

"ಕುದುರಿಗೆ ಬೇಕಾಗಿಲ್ಲ ಅನ್ರಿ, ಅಷ್ಟ ಸಾಕು" ಎಂದರು ಮ್ಯಾನೇಜರು. "ವಿಷ ಗಿಷ ಅಂತ ಹೇಳಿದ್ರ ಎತ್ತಿಗೂ ಯಾರೂ ತಗೊಳಂಗಿಲ್ಲ. ಮಂದಿನ ಅಂಜಿಸಬ್ಯಾಡ್ರಿ."

ನಾನು ಜಗಳಗಂಟಿ ಎಂದು ಹೆಸರಾದವಳು. ನಿಲ್ಲಿಸದೇ ಹೋದ ಬಸ್ಸಿನ ಹಿಂದೆ ಸ್ಕೂಟರ್ ಓಡಿಸಿಕೊಂಡು ಹೋಗಿ ಕಂಡಕ್ಟರನಿಗೆ ಬೈದು ಬಂದವಳು. ಅವತ್ತು ಮಾತ್ರ ಬಾಯಿ ಮುಚ್ಚಿಕೊಂಡು ಕೂತೆ. ಪರದೆಯ ಮೇಲೆ ನನ್ನ ವಿಡಿಯೋ ನಡೆಯುತ್ತಿತ್ತು, ಮಂದಿ ಹೊಗಳುತ್ತಿದ್ದರು, ಆ ಹೊಗಳಿಕೆ ರುಚಿಸಿತ್ತು. ಬೇರೆ ಏನೂ ಕಾರಣ ಇಲ್ಲ.

ಮುಂದಿನ ವಾರ ಸಿರಸಂಗಿಗೆ ಹೋದೆ. ಕಾಕಾ ಮನೆಯಲ್ಲಿರಲಿಲ್ಲ. ಚೀಲವನ್ನು ಕಾಕುವಿನ ಕೈಗೆ ಕೊಟ್ಟು, ದಿನಕ್ಕೊಂದು ಚಮಚೆ ಎಂದು ತೋರಿಸಿ, "ಇದು ಸರ್ಜಾಗ ರಿ ಕಾಕು. ಚಿಮಣಿಗೆ ಬೇಕಾಗಿಲ್ಲ" ಎಂದೆ. ಆಕೆ ಹೂಂ ಎಂದು ತಲೆಯಾಡಿಸಿ, "ನೀವರ ಉಣ್ಣಬರ್ರಿ" ಎಂದು ಒಳಗೆ ಕರೆದು ಎರಡು ರೊಟ್ಟಿ ಬಡಿಸಿದಳು. ಮೂರನೆಯದಕ್ಕೆ ನಾನು ಬೇಕಾಗಿಲ್ಲ ಎಂದೆ. ಆಕೆ ಹಾಕಿಯೇ ಬಿಟ್ಟಳು. ನಮ್ಮ ಕಡೆ ಊಟಕ್ಕೆ ಕುಂತವರು ಬೇಕಾಗಿಲ್ಲ ಎಂದರೆ ಯಾರು ಕೇಳುತ್ತಾರೆ? ಬೇಕಾಗಿಲ್ಲ ಎನ್ನುವುದು ಉಣ್ಣುವವರ ಮರ್ಯಾದೆ, ಹಾಕಿಬಿಡುವುದು ಬಡಿಸುವವರ ಮರ್ಯಾದೆ. ತಾಟಿನಲ್ಲಿ ಮೂರನೆಯ ರೊಟ್ಟಿ ಬಿದ್ದಿದ್ದರೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಉಂಡು, ಕೈ ತೊಳೆದು, ಸ್ಕೂಟರ್ ಹತ್ತಿದೆ.

ಎಂಟೊಂಬತ್ತು ದಿನಕ್ಕೆ ಬೆಳಿಗ್ಗೆ ಕಾಕಾನ ಫೋನ್ ಬಂತು. "ಚಿಮಣಿ ಯಾಕೋ ಮುಂದಿಂದು ಮುಟ್ಟವಲ್ದು. ಬಂದ ಹೋಗ್ರಿ ಒಂದ ಸ್ವಲ್ಪ." ನಾನು ಬೈಲಹೊಂಗಲದಿಂದ ಹೊರಟು ಸಿರಸಂಗಿ ಮುಟ್ಟಿದಾಗ ಬಿಸಿಲು ಇನ್ನೂ ಎಳೆಯದಿತ್ತು.

ಚಿಮಣಿ ನಿಂತೇ ಇದ್ದಳು. ಆದರೆ ಬೆಳಗಿನ ತಂಪಿನಲ್ಲೂ ಕುತ್ತಿಗೆ ಬೆವೆತು ಕಪ್ಪಾಗಿತ್ತು. ಹಿಂಗಾಲು ನಡುಗುತ್ತಿದ್ದವು, ಒಂದರ ಭಾರ ಇನ್ನೊಂದಕ್ಕೆ ಹಾಕುತ್ತ ಕದಲುತ್ತಿದ್ದಳು. ಒಸಡು ಕೆಸರಿನ ಬಣ್ಣಕ್ಕೆ ತಿರುಗಿತ್ತು. ನೆಲದ ಮೇಲೆ ಮೂತ್ರ ಕರಿ ಚಹಾದಂತೆ ಬಿದ್ದಿತ್ತು. ಹೊಟ್ಟೆನೋವಿನ ಕುದುರೆಯನ್ನು ನಾನು ಬಹಳ ನೋಡಿದ್ದೇನೆ. ಅದು ತಿರುಗಿ ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತದೆ, ನೆಲ ಕೆರೆಯುತ್ತದೆ, ಹೊರಳುತ್ತದೆ. ಇವಳು ಅದ್ಯಾವುದನ್ನೂ ಮಾಡಲಿಲ್ಲ. ಪಕ್ಕೆಗೆ ಕಿವಿ ಹಚ್ಚಿದೆ, ಹೊಟ್ಟೆ ಸಣ್ಣಗೆ ಮಾತಾಡುತ್ತಿತ್ತು. ಎಡ ಮೊಣಕೈ ಹಿಂದೆ ಎದೆಗೆ ಕಿವಿ ಇಟ್ಟೆ. ಎದೆ ಓಡುತ್ತಿತ್ತು, ನಡುವೆ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಸವದತ್ತಿಯ ಪಶುವೈದ್ಯರಿಗೆ ಫೋನ್ ಮಾಡಿದೆ, ತಕ್ಷಣ ಹೊರಡುತ್ತೇನೆ ಎಂದರು.

ಕಿವಿ ತೆಗೆದು ತಲೆ ಎತ್ತಿದಾಗ ಕಬ್ಬಿಣದ ಬುಟ್ಟಿ ಕಂಡಿತು. ಅದರ ಅಂಚಿಗೆ ಬೂದುಬಣ್ಣದ ಪುಡಿ ಅಂಟಿತ್ತು. ಮೂಲೆಯಲ್ಲಿ ನಾನೇ ಕೊಟ್ಟ ಚೀಲ ಅರ್ಧ ಖಾಲಿಯಾಗಿ ಮುದುಡಿ ಕೂತಿತ್ತು. ದಿನಕ್ಕೊಂದು ಚಮಚೆ ಹಾಕಿದ್ದರೆ ಮೇಲಿನ ಮಡಿಕೆಯೂ ಇಳಿಯಬಾರದಿತ್ತು.

ಹೊರಗೆ ಹೋಗಿ ಮ್ಯಾನೇಜರಿಗೆ ಫೋನ್ ಹಚ್ಚಿದೆ. ಅವರು ಮೊದಲು ಕೇಳಿದ್ದು, "ಮನಿಯವರಿಗೆ ಗೊತ್ತೈತೇನು?" ಎಂದು. ಇಲ್ಲ ಎಂದೆ. "ಹಂಗಾರ ಹಸಿ ಮೇವು ತಿಂದು ಹೊಟ್ಟಿ ಉಬ್ಬೈತಿ ಅನ್ರಿ. ಕುದುರಿಗೆ ಹೊಟ್ಟಿನೋವು ಹೊಸಾದೇನಲ್ಲ. ಡಾಕ್ಟರೂ ಅದನ್ನ ಬರೀತಾರ. ನೀವು ಚೀಲ ಸ್ಕೂಟರಿಗೆ ಹಾಕ್ಕೊಂಡು ಬಂದಬಿಡ್ರಿ." ನಾನು ಫೋನ್ ಕಿವಿಗೆ ಹಿಡಿದು ಬೇವಿನ ಗಿಡದ ಕೆಳಗೆ ನಿಂತೆ. ಹತ್ತು ನಿಮಿಷ ನಿಂತಿರಬೇಕು. ಆ ಹತ್ತು ನಿಮಿಷವನ್ನು ನಾನು ಇವತ್ತಿಗೂ ನುಂಗಿಲ್ಲ.

ಒಳಗಿನಿಂದ ಕಾಕಾನ ದನಿ ಕೇಳಿಸಿತು. "ಹಸಿ ಜ್ವಾಳದ ಕಣಕಿ ಹಾಕಬ್ಯಾಡ ಅಂತ ಎಷ್ಟ ಸಲ ಹೇಳೀನಿ ನಿನಗ. ಕೇಳಿದೇನು? ನೀನ ಕೊಂದಿ ಅದನ್ನ, ನೀನ ಕೊಂದಿ." ಕಾಕುವಿನ ದನಿ ಬರಲೇ ಇಲ್ಲ. ಹೋಗಿ ನೋಡಿದೆ. ಆಕೆ ಚಿಮಣಿಯ ಮುಂಗಾಲಿನ ಹತ್ತಿರ ನೆಲಕ್ಕೆ ಕುಂತು, ಸೆರಗಿನಿಂದ ಅದರ ಗೊರಸು ಒರೆಸುತ್ತಿದ್ದಳು. ತಾನೇ ಕೊಂದೆ ಎಂದು ಆಕೆ ಆಗಲೇ ಒಪ್ಪಿಕೊಂಡಾಗಿತ್ತು. ಮ್ಯಾನೇಜರು ಹೇಳು ಎಂದ ಸುಳ್ಳು ನಾನು ಹೇಳುವ ಮೊದಲೇ ಆ ಮನೆಯಲ್ಲಿ ತಯಾರಾಗಿ ನಿಂತಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಅಷ್ಟರಲ್ಲಿ ಡಾಕ್ಟರು ಬಂದರು. "ಏನ ತಿಂದೈತಿ?" ಎಂದು ಕೇಳಿದರು. ಕಾಕಾ ಬಾಯಿ ತೆರೆಯುವಷ್ಟರಲ್ಲಿ ನಾನು ಮೂಲೆಯಿಂದ ಚೀಲ ತಂದು ಅವರ ಮುಂದೆ ಇಟ್ಟೆ. "ಕಣಕಿ ಅಲ್ಲ ರಿ ಡಾಕ್ಟರ. ಇದನ್ನ ತಿಂದೈತಿ. ಇದರಾಗ ಮೊನೆನ್ಸಿನ್ ಐತಿ. ಕೊಟ್ಟಾಕಿ ನಾನು." ಡಾಕ್ಟರು ಚೀಲ ನೋಡಲಿಲ್ಲ, ನನ್ನ ಮುಖ ನೋಡಿದರು.

"ಕಾಕು, ಎಷ್ಟ ಹಾಕೀರಿ?" ಎಂದೆ.

"ಬೊಗಸಿ ಹಾಕೀನಿ ತಂಗಿ" ಎಂದಳು ಆಕೆ. "ಶರ್ಯತ್ತ ಹತ್ರ ಬಂತಲ್ಲ, ಚಮಚೆಲೆ ಯಾಕ ಅಳೀಬೇಕಂತ ಎರಡಕ್ಕೂ ಕೂಡಿ ಬುಟ್ಟ್ಯಾಗ ಕಲಸೀನಿ. ನೀವು ಅಕಿಗೆ ಬೇಕಾಗಿಲ್ಲ ಅಂದಿದ್ರಿ, ಖರೆ. ಆದ್ರ ಬುವ್ವದಾಗ ಒಬ್ಬರಿಗೆ ಬಡಿಸಿ ಒಬ್ಬರಿಗೆ ಬಿಡಾಕ ಬರತೈತೇನು? ಸರ್ಜಾ ಸಾವಕಾಶ ತಿಂತಾನ, ಇಕಿ ಆಸೆಬುರುಕಿ, ಗಬಗಬ ತಿಂತಿದ್ಲು. ತಿನ್ನಲಿ ಬಿಡು ಅಂದೆ." ಗೊರಸು ಒರೆಸುತ್ತಲೇ, "ನಾ ಬೇಕಂತ ಹಾಕಿಲ್ಲ ತಂಗಿ" ಎಂದಳು.

"ತಪ್ಪು ನಿಮ್ಮದಲ್ಲ" ಎಂದೆ. "ಕುದುರಿಗೆ ಇದು ವಿಷ. ನಾ ವಿಷ ಅನಬೇಕಾಗಿತ್ತು, ಬೇಕಾಗಿಲ್ಲ ಅಂದೆ." ಕಾಕಾ ಹೆಂಡತಿಯ ಕಡೆ ಒಮ್ಮೆ ನೋಡಿ, ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ನನಗೆ ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು, ಆತ ಬೈಯಲಿಲ್ಲ.

ಇದಕ್ಕೆ ಇಳಿಸುವ ಮದ್ದು ಇಲ್ಲ ಎಂದು ಡಾಕ್ಟರು ಹೇಳಿದರು. ಹೊಟ್ಟೆಯಲ್ಲಿ ಉಳಿದದ್ದನ್ನಾದರೂ ರಕ್ತಕ್ಕೆ ಹೋಗದಂತೆ ತಡೆಯಬೇಕು. ಮೂಗಿನಿಂದ ಹೊಟ್ಟೆಯ ತನಕ ನಳಿಕೆ ಇಳಿಸಬೇಕಿತ್ತು. ಮೂಗಿನ ಹೊಳ್ಳೆಯಿಂದ ಕೊನೆಯ ಪಕ್ಕೆಲುಬಿನ ತನಕ ನಳಿಕೆಯನ್ನು ಅಳೆದು ಗುರುತಿಗೆ ಪಟ್ಟಿ ಅಂಟಿಸಿದರು. ನಾನು ತಲೆ ಹಿಡಿದೆ. ನಳಿಕೆ ಶ್ವಾಸಕೋಶಕ್ಕೆ ಹೋದರೆ ಅಲ್ಲಿಗೇ ಮುಗಿಯಿತು. ಕುತ್ತಿಗೆಯ ಎಡಗಡೆ ಚರ್ಮದ ಕೆಳಗೆ ನಳಿಕೆ ಸರಿಯುವುದು ಬೆರಳಿಗೆ ಸಿಗಬೇಕು. "ಸಿಗಾಕತ್ತೈತೇನು?" ಎಂದು ಅವರು ಕೇಳುತ್ತಿದ್ದರು, "ಸಿಗಾಕತ್ತೈತ್ರಿ" ಎಂದು ನಾನು ಹೇಳುತ್ತಿದ್ದೆ. ಇದ್ದಿಲಿನ ಪುಡಿ ಕಲಸಿದ ನೀರು, ಆಮೇಲೆ ಪ್ಯಾರಾಫಿನ್ ಎಣ್ಣೆ ಹೋಯಿತು. ಕುತ್ತಿಗೆಯ ನರಕ್ಕೆ ಸಲೈನ್ ಹಚ್ಚಿದರು. ಬಾಟಲಿಯನ್ನು ಕಾಕಾ ಎತ್ತಿ ಹಿಡಿದು ನಿಂತ, ಕೈ ಸೋತರೂ ಯಾರಿಗೂ ಕೊಡಲಿಲ್ಲ. ಅವಳನ್ನು ಒಂದು ಹೆಜ್ಜೆಯೂ ನಡೆಸಬೇಡಿ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

ಮರುದಿನ ಬೆಳಗಾಗುತ್ತಲೇ ಉಳಿದ ಮನೆಗಳಿಗೆ ಹೊರಟೆ. ಕುದುರೆಯೂ ದನವೂ ಇದ್ದ ಹನ್ನೊಂದು ಮನೆಗೆ ನಾನು ಆ ಚೀಲ ಕೊಟ್ಟಿದ್ದೆ. ಹನ್ನೊಂದು ಕಡೆಯೂ ಹೇಳಿದ್ದು ಕುದುರೆಗೆ ಬೇಕಾಗಿಲ್ಲ ಎಂಬ ಅದೇ ಮಾತು. ಕಿತ್ತೂರಿನ ಮೆರವಣಿಗೆ ಕುದುರೆಯವನು, "ಹೋದ ವಾರ ಅಮೃತ ಅಂದ್ರಿ, ಈ ವಾರ ವಿಷ ಅಂತೀರಿ. ನಾಳೆ ಏನ ಅಂತೀರಿ?" ಎಂದ. ಅವತ್ತು ಅವನು ಚೇಷ್ಟೆ ಮಾಡುತ್ತಿರಲಿಲ್ಲ. ಸಾಲಹಳ್ಳಿಯಲ್ಲಿ ಒಬ್ಬಾಕೆ ಎಮ್ಮೆಯ ಬಾನಿಗೆ ಆ ಪುಡಿ ಹಾಕುತ್ತಿದ್ದಳು. ಎಮ್ಮೆ ಉಂಡ ಮೇಲೆ ಬಾನಿ ನೆಕ್ಕುವುದು ಅವರ ಹೇರು ಹೊರುವ ತಟ್ಟು ಕುದುರೆ. ಅದರ ಎದೆಗೆ ಕಿವಿ ಇಟ್ಟೆ, ನೆಟ್ಟಗಿತ್ತು. ನಾನು ಅಲ್ಲೇ ಕುಂತು ಅತ್ತುಬಿಟ್ಟೆ. ಆಕೆ ಗಾಬರಿಯಾಗಿ ನೀರು ತಂದುಕೊಟ್ಟಳು. ಎಲ್ಲ ಚೀಲಗಳನ್ನೂ ವಾಪಸ್ ತಂದೆ. ಮನೆಯವರೇ ಪುಡಿಯನ್ನು ತಪ್ಪಾಗಿ ಬಳಸಿದರು ಎಂಬ ಕಾಗದಕ್ಕೆ ಸಹಿ ಹಾಕು ಎಂದು ಕಂಪನಿ ಹೇಳಿತು. ಹಾಕಲಿಲ್ಲ. ಅಲ್ಲಿಗೆ ಆ ಕೆಲಸ ಮುಗಿಯಿತು.

ಐದನೆಯ ದಿನ ಚಿಮಣಿ ಹಿಡಿ ಹುಲ್ಲು ತಿಂದಳು. ತಿಂಗಳಾಗುವಷ್ಟರಲ್ಲಿ ಮೈ ಮಿಂಚತೊಡಗಿತು. ಕಾಕಾನಿಗೆ ಆಸೆ ಹುಟ್ಟಿತು. ಡಾಕ್ಟರು ಎದೆ ಪರೀಕ್ಷೆ ಮಾಡಿ, "ಹೊರಗ ನೋಡಾಕ ಛಲೋ ಕಾಣತಾಳ ರಿ. ಒಳಗ ಎದಿ ಮಾಂಸ ಅಲ್ಲಲ್ಲೆ ಸತ್ತೈತಿ. ನಡೀಲಿ, ಮೇಯಲಿ. ಓಡಿದ್ರ ಉಳಿಯಂಗಿಲ್ಲ" ಎಂದರು.

ಆದರೆ ಓಡಬೇಡ ಎಂದು ಕುದುರೆಗೆ ಯಾರು ಹೇಳಬೇಕು? ಸರ್ಜಾನನ್ನು ಹೊಲಕ್ಕೆ ಹೊಡೆದರೆ ಸಾಕು, ಅವಳು ಹಗ್ಗ ಜಗ್ಗುತ್ತಿದ್ದಳು. ಅವನ ಕೊರಳ ಗೆಜ್ಜೆ ಕೇಳಿದರೆ ಕಾಲು ಕುಣಿಯುತ್ತಿದ್ದವು. ಕಣ್ಣ ಮುಂದೆ ಅವನಿರುವ ತನಕ ಇವಳು ಸುಮ್ಮನಿರುವುದಿಲ್ಲ, ಅವನನ್ನು ಬೇರೆ ಊರಿಗೆ ಕೊಟ್ಟುಬಿಡಿ ಎಂದು ಹೇಳಿದವಳು ನಾನೇ. ಡಾಕ್ಟರೂ ಹೌದೆಂದರು. ನಾಲ್ಕು ದಿನ ಬಿಟ್ಟು ಕಾಕಾ, ಸರ್ಜಾನನ್ನು ಒಯ್ಯಿರಿ ಎಂದು ರಾಮದುರ್ಗದ ಕಡೆಯ ಬೀಗರಿಗೆ ಹೇಳಿಕಳಿಸಿದ.

ಅವತ್ತು ನಾನೂ ಹೋಗಿದ್ದೆ. ಚಿಮಣಿಯನ್ನು ಹಿತ್ತಲಿನಲ್ಲಿ ಎರಡು ಹಗ್ಗ ಹಾಕಿ ಕಟ್ಟಿದ್ದೆವು. ಅವಳ ಕಿವಿಗೆ ಬೀಳದಿರಲಿ ಎಂದು ಸರ್ಜಾನ ಗೆಜ್ಜೆ ಬಿಚ್ಚಿ, ಕಣ್ಣಿಗೆ ಕಾಣದಿರಲಿ ಎಂದು ಮುಂದಿನ ಬಾಗಿಲಿನಿಂದ ಟೆಂಪೋ ಹತ್ತಿಸಿದೆವು. ಎಲ್ಲ ಸರಿಯಾಗಿಯೇ ನಡೆದಿತ್ತು. ಗಾಡಿ ಹೊರಡುವಾಗ ಸರ್ಜಾ ಒಮ್ಮೆ ಕೂಗಿದ. ಅದನ್ನು ಬಿಚ್ಚಿಡಲು ಬರುವಂತಿರಲಿಲ್ಲ.

ಹಿತ್ತಲಿನಲ್ಲಿ ಗೂಟ ಕಿತ್ತ ಸಪ್ಪಳ ಕೇಳಿ ನಾವು ತಿರುಗುವಷ್ಟರಲ್ಲಿ ಚಿಮಣಿ ನಮ್ಮನ್ನು ದಾಟಿ ಹೋಗಿದ್ದಳು. ಹಗ್ಗ ನೆಲಕ್ಕೆ ಎಳೆಯುತ್ತಿತ್ತು. "ಚಿಮಣೀ, ನಿಂದರ ನನ್ನವ್ವಾ" ಎಂದು ಕಾಕು ಕೂಗಿಕೊಂಡಳು. ಟೆಂಪೋ ಊರ ಹೊರಗಿನ ತಿರುವಿಗೆ ಹೋದಾಗ ಅವಳ ಮೂತಿ ಅದರ ಹಿಂದಿನ ಹಲಗೆಯನ್ನು ಮುಟ್ಟುವಷ್ಟು ಹತ್ತಿರ ಇತ್ತು. ಅಷ್ಟು ಚಂದ ಅವಳು ಯಾವ ಶರ್ಯತ್ತಿನಲ್ಲೂ ಓಡಿರಲಿಲ್ಲ. ಆಮೇಲೆ ಮುಂಗಾಲು ಮಡಚಿ ಕುಂತಳು, ಮಗ್ಗುಲಾದಳು. ನಾನು ಓಡಿ ಹೋಗಿ ಪಕ್ಕೆಗೆ ಕಿವಿ ಹಚ್ಚಿದಾಗ ಹೊಟ್ಟೆ ಇನ್ನೂ ಮಾತಾಡುತ್ತಿತ್ತು. ಎದೆ ಸುಮ್ಮನಾಗಿತ್ತು.

ಅವರ ಹೊಲದಲ್ಲೇ ಮಣ್ಣು ಮಾಡಿದೆವು. ನಾನು ಈಗ ಸವದತ್ತಿಯಲ್ಲಿ ದನಗಳ ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಂಥ ಪುಡಿ ಕೇಳಿ ಬಂದವರಿಗೆ, "ಕುದುರಿ ಐತೇನು ಮನ್ಯಾಗ? ತಿಂದ್ರ ಸಾಯತೈತಿ ನೋಡ್ರಿ" ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳುತ್ತೇನೆ. ಮಂದಿ ಬೆಚ್ಚುತ್ತಾರೆ. ಬೆಚ್ಚಲಿ.

ಎರಡು ತಿಂಗಳು ಸಿರಸಂಗಿಯ ಕಡೆ ತಲೆ ಹಾಕಲಿಲ್ಲ. ಒಂದು ದಿನ ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಹೋದೆ. ಗೋದಲಿ ಖಾಲಿ ಇತ್ತು, ಕಬ್ಬಿಣದ ಬುಟ್ಟಿಯನ್ನು ಗೋಡೆಗೆ ಬೋರಲು ಹಾಕಿದ್ದರು. ಅಂದು ಮೊದಲ ಸಲ ನಾನು ಆ ಮನೆಯಲ್ಲಿ ಮನುಷ್ಯರನ್ನು ಮೊದಲು ಮಾತಾಡಿಸಿದೆ. ಕಾಕು ಚಿಮಣಿಯ ಸುದ್ದಿ ತೆಗೆಯಲಿಲ್ಲ. "ಉಣ್ಣಬರ್ರಿ" ಎಂದು ಮಣೆ ಹಾಕಿ, ಎರಡು ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಎರಡನ್ನೂ ಉಂಡೆ. ಆಕೆ ಮೂರನೆಯ ರೊಟ್ಟಿ ತಂದಳು.

"ಬೇಕಾಗಿಲ್ಲ ಕಾಕು" ಎಂದೆ.

ಆಕೆಯ ಕೈ ತಾಟಿನ ಮೇಲೆ ನಿಂತುಬಿಟ್ಟಿತು. ಹಾಕಲೂ ಇಲ್ಲ, ಹಿಂದೆ ತೆಗೆಯಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತ, ಸಣ್ಣ ದನಿಯಲ್ಲಿ ಕೇಳಿದಳು, "ಬೇಕಾಗಿಲ್ಲ ಅಂದ್ರ ಸುಮ್ಮನ ಬೇಕಾಗಿಲ್ಲೋ ತಂಗಿ, ಇಲ್ಲಾ ಹಾಕಬಾರದೋ?"

ನಾನು ಎರಡೂ ಕೈಯಿಂದ ತಾಟನ್ನು ಮುಂದೆ ಹಿಡಿದೆ.